ದುಭಾಷಿಯ ಲೆಕ್ಕ

ಸ್ಟ್ರೂಗಾದ ಸರೋವರದ ದಂಡೆಯಲ್ಲಿ
ಒಂದು ಕಾಲದ ಕಾರ್ಮಿಕರ ವಿಶ್ರಾಂತಿಗೃಹ.
ಅಕ್ಟೋಬರ್. ಪ್ರವಾಸಿಗರಿಲ್ಲ, ಹೀಟರಿಲ್ಲ.
ಹಿತ್ತಲಲ್ಲಿ ಅಡುಗೆಯ ವೆಲಿಕಾ ಕೆಂಪು ಮೆಣಸಿನಕಾಯಿ ಸುಡುತ್ತಾಳೆ,
ಹೊಗೆ ನೇರ ಸಭಾಂಗಣಕ್ಕೇ ಬರುತ್ತದೆ
ಯಾರ ಅನುಮತಿಯನ್ನೂ ಕೇಳದೆ.

ಮೂವತ್ತೈದು ಮಕ್ಕಳು. ಒಂದೇ ಶಾಲೆ, ಎರಡು ಪಾಳಿ:
ಬೆಳಿಗ್ಗೆ ಮೆಸಿಡೋನಿಯನ್, ಮಧ್ಯಾಹ್ನ ಅಲ್ಬೇನಿಯನ್,
ನಡುವೆ ಇಪ್ಪತ್ತು ನಿಮಿಷ, ಗುಡಿಸುವವಳಿಗೆ.
ಈ ವಾರ ನಡುವೆ ನಾನು, ನೂರ್ತೆನ್,
ಮನೆಯಲ್ಲಿ ತುರ್ಕಿ ಆಡುವವಳು,
ದಿನಗೂಲಿಗೆ ಎರಡೂ ಕಡೆಯ ಬಾಯಿ.

ಸ್ಕೋಪ್ಯೆಯಿಂದ ಬಂದ ಸ್ನೇಷಾನಾ
ಗೋಡೆಗೆ ಹಳದಿ ಚೀಟಿ ಅಂಟಿಸಿದಳು: ಸಕ್ರಿಯ ನಾಗರಿಕ.
ಸಕ್ರಿಯ ಎಂಬುದು ಎರಡೂ ಭಾಷೆಗೆ ಹೊರಗಿಂದ ಬಂದ ಪದ,
ಬಾಲವನ್ನಷ್ಟೇ ಬದಲಿಸಿ ಆಚೆ ದಡಕ್ಕೆ ಬಿಟ್ಟೆ.
ಎಲ್ಲರೂ ಬರೆದುಕೊಂಡರು.
ಏನದು ಎಂದು ಒಬ್ಬರೂ ಕೇಳಲಿಲ್ಲ.

ಎರಡನೇ ದಿನ ಜಗಳ:
ಬೆಂಚಿನಡಿ ಚೂಯಿಂಗ್ ಗಮ್ ಅಂಟಿಸುವವರು ಯಾರು?
ನೀವೇ. ನೀವೇ.
ಇಷ್ಟಕ್ಕೆ ನನ್ನ ಅಗತ್ಯ ಬೀಳಲಿಲ್ಲ.
ಮೂರನೇ ಸಾಲು, ಕಿಟಕಿಯ ಪಕ್ಕ, ನನ್ನ ಜಾಗ, ಅಂದ ತ್ರಾಯ್ಚೆ.
ನನ್ನದೂ, ಅಂದಳು ಲಿರಿಯೆ.
ಆ ಕುರುಡು ಮೀನು ಕೆತ್ತಿದವನು ನೀನಾ?
ಅದಕ್ಕೆ ಕಣ್ಣು ಕೊರೆದವಳು ನೀನಾ?
ಮೂರು ವರ್ಷ ಒಂದೇ ಹಲಗೆಗೆ ಮೊಣಕೈ ಊರಿದವರು!
ಇದೇ ಸಂವಾದ ಎಂದು ಸ್ನೇಷಾನಾ ಕಣ್ಣೊರೆಸಿಕೊಂಡಳು.
ತ್ರಾಯ್ಚೆ ಮಾತ್ರ: ನನ್ನ ಮೀನು ಕೆಡಿಸಿಬಿಟ್ಟಳು.
ಅದನ್ನೂ ದಾಟಿಸಿದೆ, ಒಂದಕ್ಷರ ಬಿಡದೆ.

ಕೊನೆಯ ದಿನ ನಗರಸಭೆಯ ಆಟ.
ತಲೆಗೊಂದು ಬಿಳಿ ಬೀನ್ಸ್ ಕಾಳು, ಅದೇ ಮತ.
ಮತಪೆಟ್ಟಿಗೆಗೆ ಎರಡು ಖಾಲಿ ಜಾಡಿ.
ಸಂಜೆಯೊಳಗೆ ಕಾಳು ವಾಪಸು ಬೇಕು, ನೆನೆಹಾಕಬೇಕು:
ವೆಲಿಕಾಳ ಷರತ್ತು.
ಹಂಚುತ್ತಾ ಬಂದ ಸ್ನೇಷಾನಾ
ನನ್ನ ಅಂಗೈಗೂ ಒಂದು ಹಾಕಿ ಮುಂದೆ ಹೋದಳು.
ಕೈತಪ್ಪೋ, ಕರೆಯೋ, ನಾನು ಕೇಳಲಿಲ್ಲ.

ತರಗತಿಗೆ ಹೀಟರ್, ಅಂದಿತು ಬೆಳಗಿನ ಪಾಳಿ.
ಹೌದು ಹೀಟರ್, ಅಂದಿತು ಮಧ್ಯಾಹ್ನದ ಪಾಳಿ,
ಹುಟ್ಟಿದಾಗಿನಿಂದ ಮೊದಲ ಸಲ ಒಂದೇ ದನಿ.
ಚಳಿಗೆ ಪಾಳಿಯಿಲ್ಲವಲ್ಲ.

ಆಗ ಎರ್ಜಾನ್ ಎದ್ದ. ರೋಮಾ ಕೇರಿಯ ಹುಡುಗ.
ನಾಲ್ಕು ದಿನದಲ್ಲಿ ಅವನಾಡಿದ್ದು
ಉಪ್ಪು ಕೊಡಿ ಎಂಬುದಷ್ಟೇ.
ಕಸದ ಲಾರಿ ಸೇತುವೆಯ ತನಕ ಬಂದು ತಿರುಗುತ್ತದೆ, ಅಂದ.
ಡ್ರೈವರ್ ಕೈ ಬೀಸುತ್ತಾನೆ. ನಾವೂ ಬೀಸುತ್ತೇವೆ.
ಕೇರಿಯೊಳಕ್ಕೆ ಬರುವುದಿಲ್ಲ.
ಮೆಸಿಡೋನಿಯನ್ನಿನಲ್ಲಿ ಅಂದ. ನಾನು ಬಾಯಿ ತೆರೆಯುವ ಮುಂಚೆ
ಅಲ್ಬೇನಿಯನ್ನಿನಲ್ಲಿ ಅಂದ. ಆಮೇಲೆ ನನ್ನತ್ತ ತಿರುಗಿ ತುರ್ಕಿಯಲ್ಲಿ,
ನಮ್ಮಜ್ಜಿಯ ಹಾಗೆ ಕೊನೆಯಕ್ಷರ ಎಳೆದು.
ತನ್ನ ಭಾಷೆಯಲ್ಲಿ ಹೇಳಲಿಲ್ಲ,
ಅದಕ್ಕೆ ಅಲ್ಲಿ ಕಿವಿ ಇರಲಿಲ್ಲ.
ಮೂರು ನಿಮಿಷ ನಾನು ನಿರುದ್ಯೋಗಿ.

ಹೀಟರಿಗೆ ಹದಿನೆಂಟು. ಲಾರಿಗೆ ಹದಿನೇಳು.
ಇನ್ನೊಮ್ಮೆ ಎಣಿಸಿ, ಅಂದ ಎರ್ಜಾನ್.
ಲಿರಿಯೆ ಎಣಿಸಿದಳು, ತ್ರಾಯ್ಚೆ ಎಣಿಸಿದ,
ಹದಿನೆಂಟು, ಹದಿನೇಳು.
ಚಪ್ಪಾಳೆ, ಫೋಟೋ, ಪ್ರಮಾಣಪತ್ರ.

ದುಭಾಷಿಗೆ ಅಭಿಪ್ರಾಯ ಇರಕೂಡದು:
ನಮ್ಮ ಕಸುಬಿನ ಮೊದಲ ಪಾಠ,
ಇಪ್ಪತ್ತೆರಡು ವರ್ಷ ನನಗೆ ಅನ್ನ ಹಾಕಿದ ಪಾಠ.
ಮುಷ್ಟಿ ಬೆವರಿತ್ತು.

ಮೂವತ್ತಾರು ಎಣಿಸಿ ಕೊಟ್ಟಿದ್ದೆ, ಒಂದೆಲ್ಲಿ?
ಜಾಡಿ ಅಲ್ಲಾಡಿಸುತ್ತ ನಿಂತಳು ವೆಲಿಕಾ.
ಎಲ್ಲರೂ ಮೇಜಿನಡಿ ಬಗ್ಗಿ ಹುಡುಕಿದರು.
ನಾನೂ ಬಗ್ಗಿದೆ.

ಬಸ್ಸು ಹತ್ತುವಾಗ ಎರ್ಜಾನ್ ಕೇಳಿದ,
ನಿಜವಾದ ನಗರಸಭೆ ಸೇರುವುದು ಯಾವಾಗ?
ಮಂಗಳವಾರ, ಹತ್ತಕ್ಕೆ.
ನೀವು ಬರುತ್ತೀರಾ?
ನಿನಗೆ ದುಭಾಷಿ ಯಾಕೋ, ಅಂದೆ ನಗುತ್ತ.
ನಾನು ದುಭಾಷಿಯನ್ನು ಕರೆಯಲಿಲ್ಲ, ಅಂದ.

ಕಾಳು ಕೋಟಿನ ಜೇಬಿನಲ್ಲಿದೆ.
ಒಗೆಯಲು ಹಾಕುವಾಗ ತೆಗೆದಿಟ್ಟೆ, ಒಣಗಿದ ಮೇಲೆ
ಮತ್ತೆ ಒಳಗೆ ಹಾಕಿದೆ.
ಇವತ್ತು ಸೋಮವಾರ.