ಬಿಸಿಲ ಬಿಲ್ಲೆ

ಸೀಗೆಹಟ್ಟಿಯ ನಮ್ಮ ಮನೆ ಹನ್ನೊಂದು ಅಡಿ ಅಗಲ,
ಉದ್ದ ಮಾತ್ರ ರೈಲು.
ಎಡಕ್ಕೆ ಖಲಂದರ್ ಸಾಬರ ಗೋಡೆ, ಬಲಕ್ಕೆ ಪಾತ್ರೆ ಅಂಗಡಿಯವರದು.
ಬೆಳಕು ಬಂದರೆ ಮುಂಬಾಗಿಲಿಂದಲೇ ಬರಬೇಕು,
ಜಗಲಿಯಲ್ಲಿ ಸ್ವಲ್ಪ ಕೂತು, ಅಲ್ಲಿಂದಲೇ ಹೊರಡುತ್ತಿತ್ತು
ಸಾಲ ಕೇಳಲು ಬಂದ ನೆಂಟನ ಹಾಗೆ.

ನಡುಮನೆಗೆ ಇದ್ದದ್ದು ಒಂದೇ ಗಾಜಿನ ಹೆಂಚು.
ಅದರಿಂದ ಉದುರಿದ ಬಿಸಿಲ ಬಿಲ್ಲೆ
ಒಂಬತ್ತಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ,
ಹತ್ತೂವರೆಗೆ ಇಳಿದು ಅಕ್ಕಿ ಡಬ್ಬದ ಮುಚ್ಚಳದ ಮೇಲೆ,
ಮಧ್ಯಾಹ್ನ ನೆಲದ ನಟ್ಟನಡುವೆ.
ಅವ್ವ ಹೊಲಿಗೆ ಮೆಷಿನ್ನನ್ನು ಅದರ ಹಿಂದೆ ಹಿಂದೆ ಎಳೆದಳು,
ಗಾರೆಯ ಮೇಲೆ ಮೂವತ್ತು ವರ್ಷದ ಗೀರು.
ಗಡಿಯಾರ ನೋಡಿದವಳಲ್ಲ.
"ಬಿಲ್ಲೆ ಆಚೆ ಮೊಳೆ ಮುಟ್ಟಿತು, ಹಾಲಿನವನು ಬರ್ತಾನೆ, ಪಾತ್ರೆ ಇಡು."

ನಾನು ಕಂಡಕ್ಟರ್, ಶಿಕಾರಿಪುರದ ರೂಟು.
ಬಸ್ಸಿನ ಹದಿನಾಲ್ಕು ಕಿಟಕಿ ನೋಡಿ ನೋಡಿ ಹೊಟ್ಟೆ ಉರಿದು
ಸೊಸೈಟಿಯಲ್ಲಿ ಸಾಲ ಎತ್ತಿದೆ.
ಮೇಸ್ತ್ರಿ ಹುಚ್ರಾಯಪ್ಪ ಕಿವಿಯ ಪೆನ್ಸಿಲ್ ತೆಗೆದು
ಗೋಡೆಯ ಮೇಲೇ ನಕ್ಷೆ ಬರೆದ:
"ಹಿತ್ತಿಲಿಗೆ ಹತ್ತಡಿ ಚಾಚೋಣ, ಇಲ್ಲಿ ಸೂರು ಸೀಳೋಣ,
ಈ ಮೂಲೆಗೆ ಆಳೆತ್ತರದ ಕಿಟಕಿ."
ಸಾಬರು ಒಪ್ಪಿದರು, ಒಂದೇ ಷರತ್ತು:
"ಎತ್ತರಿಸಿದ ಗೋಡೆಗೆ ನಮ್ಮ ಕಡೆಯೂ ಗಿಲಾವು ಆಗಬೇಕು, ಬಿಡಂಗಿಲ್ಲ."

ಮೂರು ತಿಂಗಳು ಜಗಲಿಯಲ್ಲಿ ಅಡುಗೆ.
ಸಾರಿನಲ್ಲಿ ಸಿಮೆಂಟು, ಸಕ್ಕರೆಯಲ್ಲಿ ಮರಳು,
ಬಟ್ಟೆ ಒಗೆಯುವ ಕಲ್ಲಿಗೆ ಹೊಸ ಜಾಗ ಹುಡುಕುವುದರಲ್ಲಿ
ನಾನೂ ಅವ್ವನೂ ನಾಲ್ಕು ದಿನ ಮಾತು ಬಿಟ್ಟೆವು.

ಕೊನೆಗೆ ಸಾರುವೆ ಬಿಚ್ಚಿದ ದಿನ
ಬೆಳಕು ಕೇಳದೆ ಒಳಗೆ ನುಗ್ಗಿತು.
ಮೊದಲು ಕಂಡದ್ದು ಜಂತಿಯ ಮಸಿ.
ಆಮೇಲೆ ಅವ್ವನ ಗದ್ದದ ಮೇಲೊಂದು ಮಚ್ಚೆ,
ಅದು ಇದ್ದದ್ದೇ ನನಗೆ ಗೊತ್ತಿರಲಿಲ್ಲ.

ಅವ್ವ ದಾರದ ಡಬ್ಬಿ ತೆರೆದಳು.
ಕಪ್ಪು ಅಂದುಕೊಂಡ ಉಂಡೆಗಳಲ್ಲಿ
ನಾಲ್ಕು ಕಂದು, ಒಂದು ಕಡುನೀಲಿ.
"ಅಯ್ಯೋ ಶಿವನೇ, ಪೋಸ್ಟಾಫೀಸಿನ ಸರ್ವಮಂಗಳಮ್ಮನ ರವಿಕೆ!
ಆ ಕಾಂತಿಯ ಮದುವೇದು!
ಒಬ್ಬರಾದರೂ ಬಾಯಿಬಿಟ್ಟು ಹೇಳಲಿಲ್ಲವಲ್ಲೇ."
ಅವರ ಮನೆಯೂ ಕತ್ತಲೆ ಇದ್ದಿರಬೇಕು ಬಿಡು, ಅಂದೆ.
ಅವಳು ನಗಲಿಲ್ಲ.

ಗೀರುಗಳು ಟೈಲ್ಸಿನ ಕೆಳಗೆ ಹೋದವು.
ಮೆಷಿನ್ನು ಎಲ್ಲಿಟ್ಟರೂ ಬೆಳಕೇ,
ಹಾಗಾಗಿ ಎಲ್ಲಿಡಬೇಕೆಂದು ತಿಳಿಯದೆ
ಒಂದು ವಾರ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ.
"ಈಗ ಎಷ್ಟು ಹೊತ್ತಾಯ್ತೇ?"
ದಿನಕ್ಕೆ ಹತ್ತು ಸಲ ಕೇಳುತ್ತಾಳೆ.
ಮೇಸ್ತ್ರಿ ಎಸೆಯಹೊರಟ ಗಾಜಿನ ಹೆಂಚನ್ನು ಕಸಿದುಕೊಂಡು ತೊಳೆದು
ಗುಂಡಿ, ಸೀಮೆಸುಣ್ಣ, ಬಾಬಿನ್ನು ಹಾಕಿಟ್ಟಿದ್ದಾಳೆ.

ನಿನ್ನೆ ಕೊನೆ ಟ್ರಿಪ್ ಮುಗಿಸಿ ಬಂದರೆ ಬಾಗಿಲಲ್ಲೇ:
"ನಾಳೆ ಗಾಂಧಿ ಬಜಾರಿನಿಂದ ನಾಲ್ಕು ಮೀಟರ್ ಬಟ್ಟೆ ತಾ.
ಆ ಕಿಟಕಿಗೆ ಪರದೆ ಹೊಲೀತೀನಿ, ಕಣ್ಣಿಗೆ ಹೊಡೆಯುತ್ತೆ."
ಸಾಲದ ಕಂತು ಇನ್ನೂ ಐವತ್ತೇಳು ಇವೆ ಅವ್ವ, ಅಂದೆ.
ಯಾವ ಬಣ್ಣ?
ಡಬ್ಬಿಗೆ ಕೈಹಾಕಿ, ಹುಡುಕದೆಯೇ,
ಆ ಕಡುನೀಲಿ ಉಂಡೆಯನ್ನು ಎತ್ತಿ ಹಿಡಿದಳು.
"ಇದಕ್ಕೆ ಹೊಂದೋದು."