ಉಪ್ಪು ತಿಂದ ಗೋಡೆ

ಮೊದಲು ಗೊತ್ತಾದದ್ದು ರವಿಕೆಯಿಂದ.
ಮದುವೆಗೆಂದು ಕೊಟ್ಟ ಹಸಿರು ರೇಷ್ಮೆ ಕಣ,
ಕತ್ತರಿಸಿ ಗೋಡೆಯ ಮೊಳೆಗೆ ನೇತುಹಾಕಿ ಮಲಗಿದ್ದೆ.
ಬೆಳಿಗ್ಗೆ ಬೆನ್ನಿನ ಭಾಗಕ್ಕೆ ಟೀ ಚೆಲ್ಲಿದಂಥ ಕಲೆ.
ಶಿಡ್ಲಘಟ್ಟದಲ್ಲಿ, ರೇಷ್ಮೆಗೆ!
ಗಿರಾಕಿಗೆ ಏನು ಹೇಳಲಿ?

ಸುಳ್ಳೇಕೆ, ಕಲೆ ನನಗೆ ಹೊಸದಲ್ಲ.
ಬಾಡಿಗೆಗೆ ಬಂದ ವರ್ಷ ಅಂಗೈಯಷ್ಟಿತ್ತು,
ಸೊಸೈಟಿ ಬ್ಯಾಂಕಿನ ಕ್ಯಾಲೆಂಡರು ಸಾಕಾಯಿತು.
ಮರುವರ್ಷ ಗೊಬ್ಬರದಂಗಡಿಯದು, ಇನ್ನೂ ಅಗಲ.
ಆಮೇಲೆ ಒಂದರ ಪಕ್ಕ ಒಂದು, ಮೂರು.
'ಇಷ್ಟೊಂದು ತಾರೀಖು ಯಾಕಮ್ಮ ನಿನಗೆ?'
'ಹೊಲಿಗೆಯವಳಲ್ಲವೆ, ಹೇಳಿದ ದಿನ ತಪ್ಪಬಾರದು'
ಅಂತ ತಪ್ಪಿಸಿಕೊಂಡೆ.

ಪಿಳ್ಳಪ್ಪ ಮೇಸ್ತ್ರಿ ಚೀಲ ಇಳಿಸುವ ಮುಂಚೆಯೇ
ಬೆರಳ ಗೆಣ್ಣಿನಿಂದ ತಟ್ಟಿದ, ಕಲ್ಲಂಗಡಿ ಕೊಳ್ಳುವವನ ಹಾಗೆ.
ಇಲ್ಲಿ ಗಟ್ಟಿ. ಇಲ್ಲಿ ಗಟ್ಟಿ. ಇಲ್ಲಿ ಪೊಳ್ಳು.
ಒಂದು ತುಂಡು ಪ್ಲಾಸ್ಟಿಕ್ಕು, ನಾಲ್ಕೂ ಅಂಚಿಗೆ ಟೇಪು,
ಗೋಡೆಗೆ ಅಂಟಿಸಿ ಹೊರಟ.
'ಹೊರಮೈ ಬೆವತರೆ ಗಾಳಿಯದು, ಒಳಮೈ ಬೆವತರೆ ಗೋಡೆಯದು.'
ರಾತ್ರಿ ಎರಡು ಸಲ ಎದ್ದು ಟಾರ್ಚು ಬಿಟ್ಟೆ.
ಬೆಳಗಾಗುವ ಹೊತ್ತಿಗೆ ಒಳಗೆ
ಸಣ್ಣ ಸಣ್ಣ ಹನಿ.

'ಸಾವಿರದಿನ್ನೂರು ಅಡಿ ಕೊರೆದು ಬರೀ ಧೂಳು ಕಂಡ ಊರು,
ಟ್ಯಾಂಕರು ಬರದಿದ್ದರೆ ಮುಖ ತೊಳೆಯೋದಿಲ್ಲ ನಾವು.
ಗೋಡೆಗೆಲ್ಲಿಯದು ನೀರು, ಪಿಳ್ಳಪ್ಪಣ್ಣ?'
ಅವನು ಬೆರಳು ಗೋಡೆಗೊರಸಿ ನಾಲಗೆಗಿಟ್ಟುಕೊಂಡ.
ನೀವೂ ನೋಡಿ ಅಂದ.
ಉಪ್ಪು.
'ಮೂವತ್ತು ವರ್ಷ ಇಲ್ಲಿ ಗೂಡು ಬೇಯಿಸಿದ್ದಾರೆ.
ಸೋಡಾ ನೀರು, ಬೂದಿ, ಬೆಂದ ಹುಳುವಿನ ರಸ, ಎಲ್ಲ ಕುಡಿದಿದೆ.
ಆಮೇಲೆ ಯಾರೋ ಪುಣ್ಯಾತ್ಮ ಮೇಲೆ ಸಿಮೆಂಟು ಬಳಿಸಿದ,
ಮೂಗು ಮುಚ್ಚಿ ಓಡು ಅಂದ ಹಾಗೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,
ಎಲ್ಲೂ ಸಿಗದಿದ್ದರೆ ಗಾಳಿಯಿಂದ.'

ಸೊಂಟದೆತ್ತರ ಕೆಡವಿದ.
ಸಿಮೆಂಟು ಹಪ್ಪಳವಾಗಿ ಬಿತ್ತು, ಹಳೆಯ ಸುಣ್ಣ ಹಟಹಿಡಿಯಿತು.
'ಈಗ?' ಅಂದೆ.
'ಈಗ ಏನೂ ಇಲ್ಲ. ಸಂಕ್ರಾಂತಿ ಆಯ್ತು, ಯುಗಾದಿ ದಾಟಲಿ.
ಒದ್ದೆ ಬಟ್ಟೆ ಮಡಚಿಡ್ತೀರಾ ನೀವು?'
ದಿನಾ ಬೆಳಿಗ್ಗೆ ಅರಳೆಯಂತೆ ಹೊರಬರುತ್ತಿತ್ತು ಬಿಳಿ ಉಪ್ಪು;
ಒಣ ಬ್ರಷ್ಷಿನಿಂದ ಗುಡಿಸಿ, ಕಾಗದದಲ್ಲಿ ಕಟ್ಟಿ, ದೂರ ಚೆಲ್ಲುತ್ತಿದ್ದೆ.
ನೀರು ಹಾಕಿ ತೊಳೆಯಬಾರದು. ಅಷ್ಟೇ ಅಪ್ಪಣೆ.

ಒಂದು ಶುಕ್ರವಾರ ನಮಾಜು ಮುಗಿಸಿ ಖಮರ್ ಸಾಬರು ಬಂದರು,
ಬಾಡಿಗೆಗೂ, ಬೆತ್ತಲೆ ಗೋಡೆ ನೋಡಲಿಕ್ಕೂ.
ಕಿಟಕಿಯ ಕೆಳಗೆ ಇದ್ದಿಲಿನಲ್ಲಿ ಬರೆದ ಲೆಕ್ಕ. ಉರ್ದು. ಅವರದೇ ಕೈ.
ಕನ್ನಡಕ ಏರಿಸಿ ಜೋರಾಗಿ ಓದಿದರು: ಗೂಡು, ಮೂವತ್ತೆಂಟು ಕೇಜಿ.
ಸೌದೆ. ಸೋಡಾ.
ಆಮೇಲೆ ಮೆಲ್ಲಗೆ: ಬಯ್ಯಮ್ಮ,
ಎರಡು ವಾರದ ಕೂಲಿ, ಬಾಕಿ.
'ಕೊಟ್ಟಿರಬೇಕು,' ಅಂದರು. ಸುಮ್ಮನಾದರು.
'ಕೊಟ್ಟಿದ್ದರೆ ಗೀಟು ಹಾಕಿರುತ್ತಿದ್ದೆ.'
ಇನ್ನೆರಡು ಹೆಸರಿಗೆ ಗೀಟಿತ್ತು.

ಇದ್ದಾಳೆಯೇ ಎಂದು ಕೇಳಿದರು.
ಇದ್ದಾಳೆ, ದಿಬ್ಬೂರಹಳ್ಳಿ ರಸ್ತೆಯಲ್ಲಿ, ಮಗಳ ಮನೆಯಲ್ಲಿ.
ಕುದಿನೀರಲ್ಲಿ ಎಳೆ ಹುಡುಕಿದ ಬೆರಳು ಈಗಲೂ ಬಿಳಿಚಿ ಸುಕ್ಕು,
ರವಿಕೆಯ ಕೊಂಡಿ ಸಿಕ್ಕಿಸಲಾರಳು,
ನಾನು ಟಿಚ್ ಬಟನ್ ಇಟ್ಟುಕೊಡುತ್ತೇನೆ.
ಹೇಳಿದೆ, ಅಷ್ಟೂ ಹೇಳಿದೆ.
ಬಾಡಿಗೆ ಎಣಿಸದೆ ಜೇಬಿಗಿಟ್ಟು ಹೋದರು.
ಎತ್ತ ತಿರುಗಿದರೆಂದು ನೋಡಲಿಲ್ಲ.

ಯುಗಾದಿಯಾಚೆ ಪಿಳ್ಳಪ್ಪ ಸುಣ್ಣ ತಂದ,
ತಿಂಗಳುಗಟ್ಟಲೆ ನೆನೆದು ಬೆಣ್ಣೆಯಾದದ್ದು,
ಬೆಲ್ಲದ ನೀರು, ಅಳಲೆಕಾಯಿಯ ಕಷಾಯ.
'ಆ ಬರಹ ಬಿಡಲಾ?'
ಕೇಳಿದವನೇ ಹತ್ತಿರ ಹೋಗಿ ಉಗುರಿನಿಂದ ಗೀರಿ ನೋಡಿದ.
'ಬಿಡಕ್ಕಾಗಲ್ಲ. ಅದರಲ್ಲೂ ಉಪ್ಪಿದೆ.'
ಕೆರೆದ. ಗಾರೆ ಮೆತ್ತಿದ. ಮಣೆ ಆಡಿಸಿದ.

ಕ್ಯಾಲೆಂಡರು ಒಂದೇ ಉಳಿಸಿಕೊಂಡಿದ್ದೇನೆ, ಎದುರು ಗೋಡೆಗೆ.
ಈ ಗೋಡೆಗೆ ಮೊಳೆ ಹೊಡೆದಿಲ್ಲ.
ದೀಪ ಆರಿಸುವ ಮುನ್ನ ಅಂಗೈ ಇಟ್ಟು ನೋಡುತ್ತೇನೆ,
ತಣ್ಣಗಿದೆ;
ತಣ್ಣಗೋ, ಒದ್ದೆಯೋ,
ಅಂಗೈಗೆ ಇನ್ನೂ ಖಾತ್ರಿಯಿಲ್ಲ.