ಮೊದಲಿನ ಅರವತ್ತು ಅಡಿ

ಬ್ಯಾಳಿ ಮಿಲ್ಲಿನ್ಯಾಗ ತೂಕ ಹಿಡಿಯೋ ಸಾಯಬಣ್ಣ ನಾನು.
ಇಪ್ಪತ್ತೆರಡು ವರ್ಷ ತೊಗರಿ ಚೀಲದ ಮುಂದ ನಿಂತು
ಮುಳ್ಳು ನೋಡಿದ ಕಣ್ಣು ಇವು.
ಕಾರಿಂದು ನನಗೇನೂ ತಿಳೀತಿರಲಿಲ್ಲ.

ಲಾಡ್ಲೇಸಾಬ್ ಬಂದು ನಾಕು ತಕ್ಕಡಿ ಕೇಳಿದ,
ಐತವಾರ ಒಂದಿನದ ಮಟ್ಟಿಗೆ.
ನಾಕು ಯಾಕೋ?
ನಾಕು ಗಾಲಿ ಅವಲ್ಲ, ಅಂದ.

ಕಲಬುರಗಿ ರಿಂಗ್ ರೋಡಿನ ಬಾಜೂಕ ಅವನ ತಗಡಿನ ಶೆಡ್ಡು.
ನೆಲಕ್ಕ ಶಹಾಬಾದ್ ಫರಸಿ,
ಗೋಲಿ ಇಟ್ಟರ ಉರುಳಬಾರದು, ಹಂಗ
ರಾತ್ರಿಯೆಲ್ಲಾ ಕೂತು ಮಟ್ಟ ಮಾಡಿದ್ದ.
ಫರಸಿ ಮ್ಯಾಲೆ ನನ್ನ ತಕ್ಕಡಿ, ತಕ್ಕಡಿ ಮ್ಯಾಲೆ
ಅವರಪ್ಪನ ಕಾಲದ ಫಿಯಾಟ್:
ಹಿಂದಿನ ಸೀಟಿಲ್ಲ, ಬಾಗಿಲದ ರೆಕ್ಸಿನ್ನಿಲ್ಲ,
ಗ್ಲಾಸಿನ ಜಾಗಕ್ಕ ಪ್ಲಾಸ್ಟಿಕ್ಕು.
ಅದನ್ನ ಓಡಿಸೋ ಪುತಳಾಬಾಯಿ ಆ ಹೊತ್ತಿಗೆ
ಜೇವರ್ಗಿಗೆ ಮಿಲ್ಲಿನ ಟೆಂಪೋ ಒಯ್ದಿದ್ದಳು.
ಆಕಿ ಬದಲಿಗೆ ಸೀಟಿನ ಮ್ಯಾಲೆ ಒಂದು ಚೀಲ ತೊಗರಿ,
ಮ್ಯಾಲೆ ಎರಡು ಕಿಲೊ ಬ್ಯಾಳಿ, ಬೆಲ್ಟು ಬಿಗಿದಿವಿ.
(ಐವತ್ತೆರಡು. ಆಕೀನೇ ಹೇಳಿದ್ದು. ನಾ ಕೇಳಿರಲಿಲ್ಲ.)

ಮುಂದ ಬಲಕ್ಕ ಇನ್ನೂರಾ ಐದು, ಎಡಕ್ಕ ನೂರಾ ತೊಂಬತ್ತೇಳು.
ಹಿಂದ ನೂರಾ ಅರವತ್ತಮೂರು, ನೂರಾ ಐವತ್ತೆಂಟು.
ನೂಕೋದು ಹಿಂದಿನ ಗಾಲಿ, ತೂಕ ಕೂತದ್ದು ಮುಂದ.
ಇದೇ ರೋಗ, ಅಂದ ಲಾಡ್ಲೇಸಾಬ್.

ಮೊದಲು ಅಂವ ಮುಂದಿನ ಸ್ಪ್ರಿಂಗ್ ಗಟ್ಟಿ ಹಾಕಿದ್ದ,
ಮೂಗು ನೆಲಕ್ಕ ಇಳಿಸಿದ್ದ. ನೋಡಾಕ ಹುಲಿ.
ಕ್ಲಚ್ ಬಿಟ್ಟ ಕೂಡಲೇ ಹಿಂದಿನ ಟೈರು
ಇದ್ದಲ್ಲೇ ತಿರುಗಿ ಹೊಗಿ ಉಗುಳಿದವು.
ಮಂದಿ ಸೀಟಿ ಹೊಡೀತು.
ಅರವತ್ತು ಅಡಿಗೆ ಎರಡು ಪಾಯಿಂಟ್ ಎಂಟು ಒಂದು ಸೆಕೆಂಡು.

ನಾ ಅಂದೆ: ನಮ್ಮ ಹಮಾಲ ಕೈಗಾಡಿ ಹೇರೋದು ನೋಡು.
ಕಡೀ ಚೀಲ ಒಂದು ಗೇಣು ಹಿಂದಕ್ಕ ಸರಸ್ತಾನ,
ಕೈಯಾಗಿನ ಹಿಡಿಕಿ ಹಗುರಾಗ್ತದ.
ತೂಕ ಎಲ್ಲಿಗೂ ಹೋಗಿಲ್ಲ. ಜಾಗ ಬಿಟ್ಟದ, ಅಷ್ಟೇ.
ಅಂವ ನನ್ನ ಮುಖ ನೋಡಿದ.
ಚಹಾ ತರಿಸಿದ.

ಆಮ್ಯಾಲಿಂದು ಎರಡು ತಿಂಗಳಿನ ಕೆಲಸ.
ಸ್ವೇ ಬಾರ್ ಬಿಚ್ಚಿ ಗ್ವಾಡಿಗೆ ಆನಿಸಿದ.
ಬುಷ್ ಕಿತ್ತು, ಆರ್ಮು ಒಂದು ಬೆರಳಿಲೆ ಏಳೋ ತನಕ
ತಿಕ್ಕಿದ, ಗ್ರೀಸ್ ಹಚ್ಚಿದ, ಮತ್ತ ತಿಕ್ಕಿದ.
ಉದ್ದನ ಮೆತ್ತನ ಸ್ಪ್ರಿಂಗು, ಒತ್ತಿ ಕುಂದ್ರಿಸಿದ್ದು,
ಬಿಟ್ಟ ಗಳಿಗ್ಯಾಗ ತಾನೇ ಮೂಗು ಎತ್ತೋವಂಥದ್ದು.
ಅದು ಅತಿ ಆತು.
ಮೂಗು ಎದ್ದು ಧಪ್ಪಂತ ಬಿತ್ತು,
ಹಿಂದ ಹೋದ ತೂಕೆಲ್ಲಾ ಓಡಿ ಮುಂದ ಬಂತು.
ಪುತಳಾಬಾಯಿ ಇಳದು ಅಂದಳು:
ಲಾಡ್ಲೇ ಭಾಯಿ, ಇದು ಕುದುರಿ. ಅದೂ ಕುಂಟ ಕುದುರಿ.

ಶಾಕಬ್ಸರಿನ ಒಳಗಿನ ವಾಶರ್ ಬದಲಿಸಿದ:
ಹಿಗ್ಗೋದು ಸಲೀಸು, ಕುಗ್ಗೋದು ಸಾವಕಾಶ.
ಏಳೋವಾಗ ತಡೀಬಾರದು, ಇಳಿಯೋವಾಗ ಕೈ ಹಿಡೀಬೇಕು.
ಎಲ್ಲೀ ತನಕ ಏಳಬೇಕು ಅಂಬೋದಕ್ಕ
ನಮ್ಮ ಮಿಲ್ಲಿನ ಹರದ ಕನ್ವೇಯರ್ ಪಟ್ಟಾದ್ದು ಎರಡು ತುಂಡು
ಮೂರು ಬೆರಳು ಸಡಿಲ ಬಿಟ್ಟು ಕಟ್ಟಿದ.
ಜಾಕ್ ಹಚ್ಚಿ ಎತ್ತಿ, ದಾರ ಹಿಡಿದು ಕೇಳಿದ:
ಎದ್ದಾಗ ಗಾಲಿ ಎತ್ತ ನೋಡ್ತದ, ಸಾಯಬಣ್ಣ?
ಎಡಗಾಲಿ ಹೊರಗ ನೋಡ್ತಿತ್ತು,
ಮದುವಿ ಮನ್ಯಾಗಿನ ಹುಡುಗನಂಗ.
ಅದರ ಕತ್ತು ನೆಟ್ಟಗ ಮಾಡಾಕ ಪೂರಾ ವಾರ ಹೋತು.

ಸೇಡಂ ರಸ್ತೆ ಆಚೆ, ಪ್ಲಾಟು ಮಾರದ ಲೇಔಟು,
ಒಂದು ದಿನದ ಪರವಾನಗಿ, ಹತ್ತರ ಬಿಸಿಲು.
ದೀಪ ಹಸಿರಾತು.
ಹೊಗಿ ಇಲ್ಲ. ಸೀಟಿ ಇಲ್ಲ.
ಮೂಗು ಎದ್ದು, ಪಟ್ಟಾ ಬಿಗಿದು, ಅಲ್ಲೇ ನಿಂತು,
ಹಿಂದಿನ ಟೈರು ಹೊಟ್ಟಿ ಮಡಚಿ ನೆಲ ಕಚ್ಚಿದವು.
ಮುಂದಿನ ಗಾಲಿ ಅಡಿಗೆ
ನನ್ನ ರಸೀದಿ ಬುಕ್ಕಿನ ಹಾಳಿ ಹಾಯಿಸಬಹುದಿತ್ತು.
ಎರಡು ಪಾಯಿಂಟ್ ಮೂರು ಏಳು.

ಮೂರನೇ ಗೇರು ಬೀಳಲಿಲ್ಲ.
ಸೊಲ್ಲಾಪುರದ ಹಳದಿ ಗಾಡಿ ಬಾಜೂಕಿಂದ ಹಾದು ಹೋತು.
ಸೋತಿವಿ. ಲಾಡ್ಲೇಸಾಬ್ ಆ ಕಡೆ ನೋಡಲೇ ಇಲ್ಲ,
ಚೀಟಿಯ ಮೊದಲಿನ ಸಾಲು ಅಷ್ಟೇ ಹರಕೊಂಡು
ಅಂಗಿ ಕಿಸೆದಾಗ ಇಟ್ಕೊಂಡ.

ಸೋಮವಾರ ತಕ್ಕಡಿ ಸೊನ್ನಿಗೆ ಕೂಡಿಸಿದೆ.
ಒಂದರ ತಳಕ್ಕ ಗ್ರೀಸು ಅಂಟಿತ್ತು, ಒರೆಸಿದೆ.
ಮೊದಲಿನ ಚೀಲ ಬಂತು. ಮುಳ್ಳು ಸರಿಯಾಗಿ ಐವತ್ತಕ್ಕ ನಿಂತು.
ಯಾಕೋ ಎರಡು ಕಿಲೊ
ಕಡಿಮಿ ಅನಿಸ್ತು.